ತಾನಾಗಿಯೇ ನುಡಿಯುವ ಪಿಯಾನೊ: ದೆವ್ವವೂ ಅಲ್ಲ, ಕೋಟಿ ರೂಪಾಯಿಯ ನಿಧಿಯೂ ಅಲ್ಲ

ಹಳೇ ಬಂಗಲೆಯ ಕತ್ತಲೆ ಕೋಣೆ. ಕುರ್ಚಿ ಖಾಲಿ. ಆದರೂ ಪಿಯಾನೊದ ಬಿಳಿ-ಕಪ್ಪು ಮನೆಗಳು ತಾವಾಗಿಯೇ ಕೆಳಗಿಳಿದು ಮೇಲೇಳುತ್ತಿವೆ, ಹಾಡು ಕೇಳುತ್ತಿದೆ. ಕೆಳಗೆ ಒಂದು ಸಾಲು: "ಧೈರ್ಯ ಇದ್ದವರು ಮಾತ್ರ ನೋಡಿ." ಈ ಬಗೆಯ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು.

ಇನ್ನೊಂದು ಫಾರ್ವರ್ಡ್ ಇದಕ್ಕೆ ತದ್ವಿರುದ್ಧ. "ಹಳೇ ಕಾಲದ ರೇಡಿಯೊ, ಹೊಲಿಗೆ ಯಂತ್ರ, ಪಿಯಾನೊ ಮನೆಯಲ್ಲಿದ್ದರೆ ಕೂಡಲೇ ಸಂಪರ್ಕಿಸಿ, ಕೋಟಿ ಕೊಡುತ್ತೇವೆ" ಎನ್ನುತ್ತದೆ ಅದು.

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಓದುಗರೊಬ್ಬರು ಈ ಎರಡನ್ನೂ ನಮಗೆ ಕಳುಹಿಸಿ, ಜೊತೆಗೆ ನಾಲ್ಕು ಫೋಟೊ ಹಾಕಿದ್ದರು. ಹಿರಿಯರ ಮನೆ ಪಾಲಾಗುತ್ತಿದೆ. ನಡುಮನೆಯ ಮೂಲೆಯಲ್ಲಿ ಬೀರುವಿನಷ್ಟು ಭಾರದ ಪಿಯಾನೊ. ಮನೆಯವರೆಲ್ಲ ಅದನ್ನು ಕರೆಯುವುದು 'ಅಜ್ಜನ ಹಾರ್ಮೋನಿಯಂ' ಎಂದು. ಎದುರಿನ ಮೇಲ್ಭಾಗದಲ್ಲಿ ಪಕ್ಕಕ್ಕೆ ಸರಿಯುವ ಎರಡು ಪುಟ್ಟ ಬಾಗಿಲು, ಕೆಳಗೆ ಹಲಗೆಯ ಹಿಂದೆ ಮಡಚಿಟ್ಟ ಎರಡು ಅಗಲ ಪೆಡಲು, ಅಟ್ಟದ ಮೇಲೆ ತೂತು ತೂತಾದ ಕಾಗದದ ಸುರುಳಿಗಳ ಪೆಟ್ಟಿಗೆ. ಒಬ್ಬ ಅಣ್ಣ ಗುಜರಿಗೆ ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ಕೋಟಿಯ ಫಾರ್ವರ್ಡ್ ತೋರಿಸುತ್ತಾರೆ. "ಇದೇನು? ದುರಸ್ತಿ ಆಗುತ್ತದೆಯೇ?" ಎಂಬುದು ಓದುಗರ ಪ್ರಶ್ನೆ.

ಚಿಕ್ಕ ಉತ್ತರ ಇಷ್ಟು: ಅದು ಪ್ಲೇಯರ್ ಪಿಯಾನೊ. ದೆವ್ವ ಇಲ್ಲ, ಕೋಟಿಯೂ ಇಲ್ಲ. ದುರಸ್ತಿ ಬಹುಪಾಲು ಸಾಧ್ಯ, ಆದರೆ ಮೊದಲ ವಾರದಲ್ಲಿ ಅವಸರಪಟ್ಟು ಮಾಡುವ ತಪ್ಪುಗಳು ನೂರು ವರ್ಷ ಉಳಿದದ್ದನ್ನು ಕೆಡಿಸಿಬಿಡುತ್ತವೆ. ಏಕೆಂದು ನೋಡೋಣ.

ತಾನಾಗಿಯೇ ಹೇಗೆ ನುಡಿಯುತ್ತದೆ?

ಪೌರಾಣಿಕ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ನೋಡಿದ್ದೀರಲ್ಲ? ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತಾರೆ, ಗಾಳಿ ಹರಿದು ರೀಡ್ ನುಡಿಯುತ್ತದೆ. ಪ್ಲೇಯರ್ ಪಿಯಾನೊದಲ್ಲೂ ಕಾಲಿನಡಿ ತಿದಿ ಇದೆ. ಆದರೆ ಅದು ಗಾಳಿಯನ್ನು ಹೊರಕ್ಕೆ ಊದುವುದಿಲ್ಲ, ಒಳಗಿನ ಗಾಳಿಯನ್ನು ಹೀರುತ್ತದೆ. ಎಳನೀರಿನ ಸ್ಟ್ರಾದಲ್ಲಿ ನೀವು ಹೀರಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿಯೂ ಅದೇ ತತ್ವ.

ಸರಿಯುವ ಬಾಗಿಲಿನ ಹಿಂದೆ ಹಿತ್ತಾಳೆಯ ಒಂದು ಪಟ್ಟಿ ಇದೆ. ಅದರಲ್ಲಿ ಸಾಲಾಗಿ ಸಣ್ಣ ತೂತುಗಳು, ಒಂದೊಂದು ಸ್ವರಕ್ಕೆ ಒಂದೊಂದು. ಕಾಗದದ ಸುರುಳಿ ಈ ಪಟ್ಟಿಯ ಮೇಲೆ ಜಾರುತ್ತಾ ಹೋಗುತ್ತದೆ. ಕಾಗದ ಮುಚ್ಚಿಕೊಂಡಿದ್ದಾಗ ಏನೂ ಆಗುವುದಿಲ್ಲ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ನಳಿಕೆಯ ಮೂಲಕ ಹೋಗಿ ತೆಳು ಚರ್ಮದ ಪುಟ್ಟ ಪೊರೆಯನ್ನು ಎತ್ತುತ್ತದೆ, ಅದು ಒಂದು ವಾಲ್ವ್ ತೆರೆಯುತ್ತದೆ, ಆ ಸ್ವರಕ್ಕೆ ಸೇರಿದ ಪುಟ್ಟ ತಿದಿ ಪಟ್ಟನೆ ಮುದುಡಿಕೊಳ್ಳುತ್ತದೆ. ಮುದುಡಿದ ತಿದಿ ಸುತ್ತಿಗೆಯನ್ನು ತಳ್ಳುತ್ತದೆ, ಸುತ್ತಿಗೆ ತಂತಿಗೆ ಬಡಿಯುತ್ತದೆ. 88 ಸ್ವರದ ಪಿಯಾನೊದಲ್ಲಿ ಇಂಥ 88 ಪುಟ್ಟ ತಿದಿಗಳು. ಕಾಗದವನ್ನು ಎಳೆಯುವ ಮೋಟಾರು ಕೂಡ ಗಾಳಿಯದ್ದೇ. ಕರೆಂಟು ಬೇಕಿಲ್ಲ.

ಕಾಲು ನಿಂತರೆ ಹಾಡೂ ನಿಂತಿತು. ಯಾರೂ ತುಳಿಯದೆ ಈ ಹಳೇ ಯಂತ್ರ ನಡುರಾತ್ರಿ ಹಾಡಲು ಸಾಧ್ಯವೇ ಇಲ್ಲ. ಮುಚ್ಚಿದ ಪಿಯಾನೊದಿಂದ ರಾತ್ರಿ ಒಂದೆರಡು 'ಟಣ್' ಸದ್ದು ಬಂದರೆ ಮೊದಲು ಇಲಿಯನ್ನು ಅನುಮಾನಿಸಿ. ವಿಡಿಯೊಗಳಲ್ಲಿ ಖಾಲಿ ಕುರ್ಚಿಯ ಎದುರು ನುಡಿಯುವ ಪಿಯಾನೊಗಳು ಹೆಚ್ಚಾಗಿ ವಿದ್ಯುತ್ತಿನವು. ಯಮಾಹಾ ಕಂಪನಿಯ ಡಿಸ್ಕ್‌ಲಾವಿಯರ್ ಅಂಥದ್ದು. ಕತ್ತಲೆ ಮತ್ತು ಹೆದರಿಸುವ ಸಾಲು ಕಳುಹಿಸಿದವರ ಸೇರ್ಪಡೆ.

ತೂತು ಕಾಗದದಲ್ಲಿ ಹಾಡು ಬರೆದಿಡುವ ಈ ಉಪಾಯ ನಮ್ಮ ಕಡೆಯವರಿಗೆ ಹೊಸದೇನಲ್ಲ. ತಿ. ನರಸೀಪುರದಲ್ಲಿ ಕೆಎಸ್‌ಐಸಿಯ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇದೆ. ರೇಷ್ಮೆ ಸೀರೆಯಲ್ಲಿ ಹೂಬಳ್ಳಿಯ ವಿನ್ಯಾಸ ಮೂಡಿಸುವ ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ಅಟ್ಟೆಗಳ ಮಾಲೆ ತೂಗುವುದನ್ನು ನೀವು ಕಂಡಿರಬಹುದು. ಫ್ರಾನ್ಸಿನಲ್ಲಿ 1804ರ ಹೊತ್ತಿಗೆ ಬಂದ ಆ ಮಗ್ಗದಲ್ಲಿ ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಇಲ್ಲಿ ತೂತು ಇದ್ದರೆ ಸ್ವರ, ಇಲ್ಲದಿದ್ದರೆ ಮೌನ. ಮುಂದೆ ಕಂಪ್ಯೂಟರಿನ ಪಂಚ್ ಕಾರ್ಡ್ ಬಂದದ್ದೂ ಇದೇ ದಾರಿಯಲ್ಲಿ.

ಇದು ನಮ್ಮ ಕಡೆ ಹೇಗೆ ಬಂತು?

ಅಮೆರಿಕದ ಎಡ್ವಿನ್ ವೋಟಿ 1895ರಲ್ಲಿ ಇಂಥ ಯಂತ್ರವನ್ನು ರೂಪಿಸಿದರು. ಏಯೋಲಿಯನ್ ಕಂಪನಿ ಅದನ್ನು 'ಪಿಯಾನೋಲಾ' ಎಂಬ ಹೆಸರಿನಲ್ಲಿ ಮಾರಿತು. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ, ಜನ ಈ ಬಗೆಯ ಎಲ್ಲ ಪಿಯಾನೊಗಳನ್ನೂ ಪಿಯಾನೋಲಾ ಅನ್ನತೊಡಗಿದರು. 1904ರಲ್ಲಿ ಜರ್ಮನಿಯ ವೆಲ್ಟೆ ಕಂಪನಿ ಇನ್ನೂ ಮುಂದೆ ಹೋಗಿ, ದೊಡ್ಡ ಕಲಾವಿದರು ನುಡಿಸಿದ ರೀತಿಯನ್ನೇ ಸುರುಳಿಯಲ್ಲಿ ಹಿಡಿದಿಡುವ ಯಂತ್ರ ತಂದಿತು. ರಷ್ಯಾದ ರಾಖ್ಮಾನಿನೋವ್ ನುಡಿಸಿದ ಸುರುಳಿಗಳು ಇಂದಿಗೂ ಇವೆ. 1923ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಆಮೇಲೆ ರೇಡಿಯೊ ಬಂತು, ಒಳ್ಳೆಯ ಗ್ರಾಮಫೋನ್ ಬಂತು, 1929ರ ಆರ್ಥಿಕ ಕುಸಿತ ಬಂತು. ಕಾಲಿನಿಂದ ತುಳಿದು ಹಾಡು ಕೇಳುವ ಕಾಲ ಮುಗಿಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ' ಆರಂಭಿಸಿದ್ದು 1935ರಲ್ಲಿ.

ಆ ಕಾಲದ ಮೈಸೂರು ಸಂಸ್ಥಾನಕ್ಕೆ ಪಿಯಾನೊ ಅಪರಿಚಿತವಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜೊತೆ ಪಿಯಾನೊವನ್ನೂ ಬಲ್ಲವರು. ಬೀಥೋವನ್ ತೀರಿಕೊಂಡ ನೂರನೇ ವರ್ಷ, 1927ರಲ್ಲಿ, ಬೆಂಗಳೂರಿನಲ್ಲಿ ಮಾರ್ಗರೆಟ್ ಕಸಿನ್ಸ್ ಅವರು ಅರಮನೆಯ ವಾದ್ಯವೃಂದದೊಂದಿಗೆ ಪಿಯಾನೊ ನುಡಿಸಿದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತು ಲಂಡನ್ನಿನ ಸಂಗೀತ ಸಂಸ್ಥೆಗಳಿಂದ ಪದವಿ, ಗೌರವ ಪಡೆದವರು. ರಷ್ಯಾದ ಸಂಗೀತಗಾರ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ಬೆಂಗಳೂರಿನ ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿಯ ಬಂಗಲೆಗಳು, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳ ಮನೆಗಳಲ್ಲೂ ಪಿಯಾನೊಗಳಿದ್ದವು. ಆ ಮನೆಗಳವರು ಊರು ಬಿಡುವಾಗ ಸಾಮಾನು ಮಾರಿದರು. ಹೆಮ್ಮಿಗೆಯ ಅಜ್ಜ ಕೊಂಡದ್ದೂ ಮೈಸೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಅಧಿಕಾರಿಯೊಬ್ಬರಿಂದ ಎಂದು ಮನೆಯವರು ಹೇಳುತ್ತಾರೆ.

ಯಾವುದು, ಎಷ್ಟು ಹಳೆಯದು? ಪತ್ತೆ ಮಾಡುವುದು ಹೀಗೆ

ಒಂದು, ಹೆಸರು. ಮನೆಗಳ ಮೇಲೆ ಮುಚ್ಚುವ ಹಲಗೆಯ ಒಳಬದಿಯಲ್ಲಿ ಹೆಸರಿರುತ್ತದೆ. ಎಚ್ಚರ: ಅದು ತಯಾರಕರ ಹೆಸರೇ ಆಗಬೇಕಿಲ್ಲ. ಮುಂಬೈ, ಕೋಲ್ಕತ್ತ, ಚೆನ್ನೈಗಳ ಅಂಗಡಿಯವರು ತಮ್ಮ ಹೆಸರನ್ನೂ ಹಾಕುತ್ತಿದ್ದರು. ಒಳಗಿನ ಎರಕದ ಕಬ್ಬಿಣದ ಚೌಕಟ್ಟಿನ ಮೇಲಿನ ಹೆಸರನ್ನೂ ನೋಡಿ.

ಎರಡು, ಸಂಖ್ಯೆ. ಮೇಲಿನ ಮುಚ್ಚಳ ಎತ್ತಿ, ಟಾರ್ಚ್ ಹಿಡಿದು, ಕಬ್ಬಿಣದ ಚೌಕಟ್ಟಿನ ಮೇಲೆ ಅಥವಾ ತಂತಿ ಸುತ್ತಿದ ಬಿರಡೆಗಳ ಹತ್ತಿರ ಹುಡುಕಿ. ನಾಲ್ಕರಿಂದ ಆರು ಅಂಕಿಗಳ ಕ್ರಮಸಂಖ್ಯೆ ಸಿಗುತ್ತದೆ. ತಯಾರಕರ ಹೆಸರು ಮತ್ತು ಈ ಸಂಖ್ಯೆ ಇದ್ದರೆ, 'ಪಿಯರ್ಸ್ ಪಿಯಾನೊ ಅಟ್ಲಾಸ್'ನಂಥ ಪಟ್ಟಿಗಳಲ್ಲಿ ತಯಾರಾದ ವರ್ಷ ಹೆಚ್ಚುಕಡಿಮೆ ತಿಳಿಯುತ್ತದೆ.

ಮೂರು, ಪದಕದ ಇಸವಿಗೆ ಮೋಸ ಹೋಗಬೇಡಿ. "ಪ್ಯಾರಿಸ್ 1878" ಎಂದು ಪದಕದ ಚಿತ್ರ ಇದ್ದರೆ ಆ ಕಂಪನಿಗೆ ಆ ವರ್ಷ ಬಹುಮಾನ ಬಂದಿತ್ತು ಎಂದಷ್ಟೇ ಅರ್ಥ. ಪಿಯಾನೊ ನಲವತ್ತು ವರ್ಷ ಆಮೇಲಿನದ್ದೂ ಇರಬಹುದು. ಪೇಟೆಂಟ್ ಫಲಕದ ತಾರೀಖಿನ ಕಥೆಯೂ ಇದೇ.

ನಾಲ್ಕು, ಹಿತ್ತಾಳೆ ಪಟ್ಟಿಯ ತೂತು ಎಣಿಸಿ. ಸುಮಾರು 65 ಇದ್ದರೆ ಹಳೆಯ ಮಾದರಿ. 88 ಅಥವಾ ಅದಕ್ಕಿಂತ ಕೆಲವು ಹೆಚ್ಚಿದ್ದರೆ, 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ತಯಾರಕರು ಸೇರಿ ಒಪ್ಪಿದ ಮಾದರಿ. ಎರಡರ ಸುರುಳಿಗಳೂ ಹನ್ನೊಂದೂಕಾಲು ಇಂಚು ಅಗಲವೇ, ಆದರೆ ಹಳೆಯದರಲ್ಲಿ ಇಂಚಿಗೆ 6 ತೂತು, ಹೊಸದರಲ್ಲಿ 9. ಒಂದರ ಸುರುಳಿ ಇನ್ನೊಂದರಲ್ಲಿ ನುಡಿಯುವುದಿಲ್ಲ.

ಐದು, 'ವೆಲ್ಟೆ', 'ಡ್ಯುಯೊ-ಆರ್ಟ್', 'ಆಂಪಿಕೊ' ಎಂಬ ಹೆಸರು ಕಂಡರೆ ಅದು ಕಲಾವಿದರ ನುಡಿಸಾಣಿಕೆಯನ್ನೇ ಮರಳಿ ನುಡಿಸುವ ವಿಶೇಷ ಯಂತ್ರ. ಅದನ್ನು ತಿಳಿದವರಿಗೆ ತೋರಿಸದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಮೊದಲ ವಾರ ಮಾಡಬಾರದ ಕೆಲಸಗಳು

ಪೆಡಲು ತುಳಿದು ನೋಡಬೇಡಿ. ಒಳಗಿನ ರಬ್ಬರು ಬಟ್ಟೆ ಇಷ್ಟು ವರ್ಷಗಳಲ್ಲಿ ಒಣಗಿ ಹಪ್ಪಳದಂತಾಗಿರುತ್ತದೆ. ಬಲವಾಗಿ ತುಳಿದರೆ ಸೀಳುತ್ತದೆ. ಹಳೆಯ ಸುರುಳಿ ಹಾಕಿ ಓಡಿಸಿದರೆ ಕಾಗದವೂ ಹರಿಯುತ್ತದೆ.

ಎಣ್ಣೆ ಬಿಡಬೇಡಿ. ನಮ್ಮಲ್ಲಿ ಯಾವ ಯಂತ್ರ ಬಿಗಿಯಾದರೂ ಮೊದಲು ತೆಂಗಿನೆಣ್ಣೆ, ಇಲ್ಲದಿದ್ದರೆ ಸೀಮೆಎಣ್ಣೆ. ಪಿಯಾನೊದ ಬಿರಡೆಗಳು ಮರದಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರಿಂದಲೇ ಶ್ರುತಿ ನಿಲ್ಲುತ್ತದೆ. ಅಲ್ಲಿ ಎಣ್ಣೆ ಇಳಿದರೆ ಆ ಹಿಡಿತ ಹೋಯಿತು. ಸುತ್ತಿಗೆಯ ಉಣ್ಣೆಯ ಹೊದಿಕೆ, ಚರ್ಮದ ಪೊರೆಗಳಿಗೂ ಎಣ್ಣೆ ಶತ್ರು.

ಬಿಳಿ ಪುಡಿ ಕಂಡರೆ ಊದಬೇಡಿ, ಗುಡಿಸಬೇಡಿ. ಇದು ಆರೋಗ್ಯದ ವಿಷಯ. ಹಳೆಯ ಯಂತ್ರಗಳಲ್ಲಿ ಗಾಳಿಯ ನಳಿಕೆಗಳು ಸೀಸದವು, ಮನೆಗಳ ಒಳಗೂ ಸೀಸದ ಬಿಲ್ಲೆ ಇರುತ್ತದೆ. ಸೀಸ ತುಕ್ಕು ಹಿಡಿದರೆ ಬಿಳಿ ಪುಡಿಯಾಗುತ್ತದೆ. ಅದು ಉಸಿರಿನಲ್ಲೋ ಬೆರಳಿನಿಂದ ಬಾಯಿಗೋ ಹೋದರೆ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮಕ್ಕಳು, ಗರ್ಭಿಣಿಯರನ್ನು ದೂರವಿಡಿ. ಮಾಸ್ಕ್, ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಮಾತ್ರ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡಿ, ಕೈ ತೊಳೆಯಿರಿ.

ನಾಲ್ಕು ಜನ ಸೇರಿ ಎತ್ತಲು ಹೋಗಬೇಡಿ. ಇಂಥ ಪಿಯಾನೊ 300-400 ಕಿಲೊ ತೂಗಬಹುದು. ತೂಕವೆಲ್ಲ ಹಿಂಬದಿಯ ಕಬ್ಬಿಣದಲ್ಲಿ, ಹಾಗಾಗಿ ಹಿಂದಕ್ಕೆ ವಾಲಿ ಬೀಳುತ್ತದೆ. ಒಳಗಿನ ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಎಳೆತ 15ರಿಂದ 20 ಟನ್. ಗೊತ್ತಿಲ್ಲದೆ ತಂತಿ ಬಿಚ್ಚುವುದೂ ಅಪಾಯ.

ಬಿಸಿ ಸೂಜಿಯ ಪರೀಕ್ಷೆ ಮಾಡಬೇಡಿ. "ಮನೆಗಳಿಗೆ ಕೆಂಪಗೆ ಕಾಸಿದ ಸೂಜಿ ಚುಚ್ಚಿ, ಕರಗದಿದ್ದರೆ ಆನೆದಂತ" ಎಂಬ ಸಲಹೆ ಓಡಾಡುತ್ತದೆ. ದಂತವಲ್ಲದ ಹಳೆಯ ಮನೆಗಳು ಸಾಮಾನ್ಯವಾಗಿ ಸೆಲ್ಯುಲಾಯ್ಡ್, ಅದು ಬೇಗ ಬೆಂಕಿ ಹಿಡಿಯುವ ವಸ್ತು. ಕಣ್ಣಿನಿಂದಲೇ ನೋಡಿ: ದಂತದ ಹೊದಿಕೆ ಸಾಮಾನ್ಯವಾಗಿ ಎರಡು ತುಂಡು, ಕಪ್ಪು ಮನೆಗಳು ಶುರುವಾಗುವಲ್ಲಿ ಕೂದಲಿನಷ್ಟು ಸಣ್ಣ ಜೋಡಣೆಯ ಗೆರೆ ಕಾಣುತ್ತದೆ. ಸೆಲ್ಯುಲಾಯ್ಡ್ ಹೆಚ್ಚಾಗಿ ಒಂದೇ ತುಂಡು.

ಮಾರಿದರೆ ಕೋಟಿ ಬರುತ್ತದೆಯೇ?

ಇಲ್ಲ. ಪ್ಲೇಯರ್ ಪಿಯಾನೊಗಳು ಲಕ್ಷಗಟ್ಟಲೆ ತಯಾರಾದವು, ಹಾಗಾಗಿ ಅಪರೂಪವಲ್ಲ. ದುರಸ್ತಿಯಾಗದ ಸಾಮಾನ್ಯ ಪ್ಲೇಯರ್ ಪಿಯಾನೊವನ್ನು ವಿದೇಶಗಳಲ್ಲಿ ಪುಕ್ಕಟೆಯಾಗಿ ಕೊಡುವವರೂ ಇದ್ದಾರೆ. ಪೂರ್ತಿ ದುರಸ್ತಿಯ ಖರ್ಚು ಅದರ ಮಾರುಕಟ್ಟೆ ಬೆಲೆಯನ್ನು ಮೀರುವುದೇ ಹೆಚ್ಚು.

ಹಾಗಾದರೆ ಕೋಟಿಯ ಮಾತು ಎಲ್ಲಿಂದ ಬಂತು? 'ಕೆಂಪು ಪಾದರಸ' ಎಂಬ ಕಟ್ಟುಕಥೆಯಿಂದ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಲ್ಲಿ ಈ ವಸ್ತು ಇದೆ ಎಂಬ ಗಾಳಿಸುದ್ದಿ ಹಬ್ಬಿ ಜನ ಮುಗಿಬಿದ್ದು ಕೊಂಡಿದ್ದರು. ಅಂಥ ವಸ್ತುವೇ ಇರಲಿಲ್ಲ. ನಮ್ಮಲ್ಲಿ 'ರೈಸ್ ಪುಲ್ಲರ್' ಪಾತ್ರೆಯ ಹೆಸರಿನಲ್ಲಿ ನಡೆಯುವ ವಂಚನೆಯ ರೀತಿಯೂ ಇದೇ: ಮೊದಲು ಕೋಟಿಯ ಮಾತು, ಆಮೇಲೆ "ಪರೀಕ್ಷೆಗೆ", "ಸರ್ಟಿಫಿಕೇಟಿಗೆ" ಮುಂಗಡ ಹಣ. ಮುಂಗಡ ಕೇಳಿದರೆ ಮಾತು ನಿಲ್ಲಿಸಿ, 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಎರಡು ಕಾನೂನುಗಳೂ ಗೊತ್ತಿರಲಿ. ಮನೆಗಳ ಹೊದಿಕೆ ಆನೆದಂತದ್ದಾದರೆ ಅದನ್ನು ಬಿಚ್ಚಿ ಮಾರುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು, 1991ರ ತಿದ್ದುಪಡಿ ಆಫ್ರಿಕಾದ ದಂತದ ವ್ಯಾಪಾರವನ್ನು ನಿಷೇಧಿಸಿವೆ. ದಂತವನ್ನು ಇಟ್ಟುಕೊಳ್ಳುವುದಕ್ಕೂ ನಿಯಮಗಳಿವೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಇನ್ನೊಂದು, ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು. ಅಂಥವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ದುರಸ್ತಿ ಯಾವ ಕ್ರಮದಲ್ಲಿ?

ಮೊದಲು ಪಿಯಾನೊ, ಆಮೇಲೆ ಗಾಳಿಯಂತ್ರ. ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದೆಯೇ, ಬಿರಡೆಗಳು ಬಿಗಿಯಾಗಿವೆಯೇ, ನಾದ ಹೊಮ್ಮಿಸುವ ಹಿಂದಿನ ಹಲಗೆ ಸೀಳಿದೆಯೇ, ಗೆದ್ದಲು ಹಿಡಿದಿದೆಯೇ ಎಂಬುದನ್ನು ಪಿಯಾನೊ ಶ್ರುತಿ ಮಾಡುವವರು ನೋಡಿ ಹೇಳಬೇಕು. ಬೆಂಗಳೂರಿನ ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ಅಥವಾ ಚೆನ್ನೈನ ಮ್ಯೂಸೀ ಮ್ಯೂಸಿಕಲ್‌ನಂಥ ಹಳೆಯ ವಾದ್ಯದಂಗಡಿಗಳಲ್ಲಿ ಕೇಳಿದರೆ ಅಂಥವರ ಸುಳಿವು ಸಿಗುತ್ತದೆ. ಚೌಕಟ್ಟೇ ಒಡೆದಿದ್ದರೆ ದುರಸ್ತಿಗೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸಿ.

ಪಿಯಾನೊ ಗಟ್ಟಿಯಿದ್ದರೆ ಗಾಳಿಯಂತ್ರದ ಸರದಿ. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೊ ತೆಗೆದು, ಪ್ರತಿ ನಳಿಕೆಗೂ ಚೀಟಿ ಕಟ್ಟಬೇಕು. ಕಾಲಿನ ದೊಡ್ಡ ತಿದಿಗಳಿಗೆ, ಆಮೇಲೆ 88 ಪುಟ್ಟ ತಿದಿಗಳಿಗೆ ಹೊಸ ರಬ್ಬರು ಬಟ್ಟೆ, ವಾಲ್ವುಗಳಿಗೆ ಹೊಸ ಚರ್ಮದ ಪೊರೆ, ಕೆಟ್ಟ ನಳಿಕೆಗಳ ಬದಲು ರಬ್ಬರು ನಳಿಕೆ. ಗಾಳಿ ಒಂದು ಕಡೆ ಸೋರಿದರೂ ಇಡೀ ಯಂತ್ರ ಬಳಲುತ್ತದೆ, ಹಾಗಾಗಿ ಅರ್ಧಂಬರ್ಧ ತೇಪೆ ಉಪಯೋಗವಿಲ್ಲ.

ಅಂಟಿನ ವಿಷಯದಲ್ಲಿ ಹಟ ಹಿಡಿಯಿರಿ. ಹಳೆಯ ಬಡಗಿಗಳು ಬಿಸಿ ಮಾಡಿ ಹಚ್ಚುತ್ತಿದ್ದ ಸರೇಸೇ ಇಲ್ಲಿ ಸರಿ. ಬಿಸಿ ಮತ್ತು ತೇವ ಕೊಟ್ಟರೆ ಅದು ಬಿಡುತ್ತದೆ, ಐವತ್ತು ವರ್ಷದ ನಂತರ ಇನ್ನೊಬ್ಬರು ಮತ್ತೆ ಬಿಚ್ಚಬಹುದು. ಈಗಿನ ಬಿಳಿ ಮರದಂಟು ಹಚ್ಚಿದರೆ ಮುಂದಿನ ಸಲ ಮರವನ್ನೇ ಒಡೆಯಬೇಕಾಗುತ್ತದೆ.

ಗಾಳಿಯಂತ್ರ ಬಲ್ಲವರು ನಮ್ಮಲ್ಲಿ ತೀರಾ ಕಡಿಮೆ. ಬ್ರಿಟನ್ನಿನ 'ಪ್ಲೇಯರ್ ಪಿಯಾನೊ ಗ್ರೂಪ್', ಅಮೆರಿಕದ 'ಆಮಿಕಾ' ಎಂಬ ಆಸಕ್ತರ ಸಂಘಗಳಿಗೆ ಫೋಟೊ, ಕ್ರಮಸಂಖ್ಯೆ ಕಳುಹಿಸಿ ಕೇಳಬಹುದು. ಹಣ ಸಾಲದಿದ್ದರೆ ಪಿಯಾನೊ ಭಾಗವನ್ನು ಮಾತ್ರ ಸರಿಮಾಡಿಸಿ. ಗಾಳಿಯಂತ್ರವನ್ನು ಕಿತ್ತು ಬಿಸಾಡಬೇಡಿ, ಇದ್ದಲ್ಲೇ ಇರಲಿ. ಹಾಗೆ ಬಿಸಾಡಿದ್ದರಿಂದಲೇ ಎಷ್ಟೋ ಪಿಯಾನೊಗಳು ತಮ್ಮ ಹಾಡನ್ನು ಕಳೆದುಕೊಂಡಿವೆ. ಪಾಲಿಶ್ ಕೊನೆಗೆ. ಮೊದಲೇ ಉಜ್ಜಿದರೆ ತಯಾರಕರ ಹೆಸರೇ ಅಳಿಸಿಹೋಗುತ್ತದೆ.

ದುರಸ್ತಿ ತಡವಾದರೂ ಜಾಗ ಈಗಲೇ ಸರಿಮಾಡಿ. ಕಾವೇರಿ ದಂಡೆಯ ಊರಿನಲ್ಲಿ ಮಳೆಗಾಲದ ತೇವ, ಬೇಸಿಗೆಯ ಒಣಗಾಳಿ ಎರಡೂ ಇವೆ. ಹೊರಗೋಡೆಗೆ ಆನಿಸಬೇಡಿ, ಕಿಟಕಿಯ ಬಿಸಿಲು ಬೀಳದಿರಲಿ, ಪ್ಲಾಸ್ಟಿಕ್ ಹೊದಿಸದೆ ಹತ್ತಿ ಬಟ್ಟೆ ಹೊದಿಸಿ. ಇಲಿ, ಗೆದ್ದಲು ತಿಂಗಳಿಗೊಮ್ಮೆ ನೋಡಿ.

ಅಟ್ಟದ ಮೇಲಿನ ಪೆಟ್ಟಿಗೆ

ಪಾಲಿನ ಜಗಳದಲ್ಲಿ ಯಾರೂ ಕೇಳದ ವಸ್ತು ಆ ಕಾಗದದ ಸುರುಳಿಗಳು. ನಮ್ಮ ಮಟ್ಟಿಗೆ ಮೊದಲು ಉಳಿಸಬೇಕಾದದ್ದು ಅವೇ. ತಿದಿ ಹರಿದರೆ ಹೊಸದು ಹಾಕಬಹುದು, ಸುರುಳಿ ಒಲೆ ಸೇರಿದರೆ ಆ ಹಾಡು ಹೋಯಿತು. ಪ್ರತಿ ಡಬ್ಬಿಯ ಮೇಲಿನ ಹೆಸರು, ಸಂಖ್ಯೆ ಬರೆದಿಟ್ಟುಕೊಳ್ಳಿ, ಫೋಟೊ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ, ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇಂಥ ಸುರುಳಿಗಳನ್ನು ಸ್ಕ್ಯಾನ್ ಮಾಡಿ, ಕಾಗದ ಮುಟ್ಟದೆಯೇ ಹಾಡು ಕೇಳುವಂತೆ ಮಾಡುತ್ತಿದೆ. ನಿಮ್ಮ ಪಿಯಾನೊ ಮೂಕವಾಗಿದ್ದರೂ, ಅದರ ಹಾಡು ಇನ್ನೆಲ್ಲಾದರೂ ಕೇಳಲು ಸಿಗಬಹುದು.

ಇದನ್ನೆಲ್ಲ ಹೆಮ್ಮಿಗೆಯ ಓದುಗರಿಗೆ ತಿಳಿಸಿದೆವು. ಎರಡು ದಿನದ ನಂತರ ಉತ್ತರ ಬಂತು. ಗುಜರಿಯವರನ್ನು ವಾಪಸ್ ಕಳುಹಿಸಿದ್ದಾರೆ. ಕಬ್ಬಿಣದ ಮೇಲೆ ಐದು ಅಂಕಿಯ ಸಂಖ್ಯೆ ಸಿಕ್ಕಿದೆ, ಹಿತ್ತಾಳೆ ಪಟ್ಟಿಯಲ್ಲಿ 88 ತೂತು. ಸುರುಳಿಗಳ ಹೆಸರು ಬರೆಯುವಾಗ ಎಂಬತ್ತು ದಾಟಿದ ಅಜ್ಜಿ ಹತ್ತಿರ ಬಂದು ಕೂತರಂತೆ. ಚಿಕ್ಕವರಿದ್ದಾಗ ಪೆಡಲಿಗೆ ಕಾಲು ಎಟುಕುತ್ತಿರಲಿಲ್ಲ, ಅಜ್ಜ ತುಳಿಯುವಾಗ ಮನೆಗಳ ಮೇಲೆ ಕೈ ಇಟ್ಟುಕೊಂಡು ತಾವೇ ನುಡಿಸುತ್ತಿದ್ದೇವೆ ಅಂದುಕೊಳ್ಳುತ್ತಿದ್ದೆವು ಎಂದರಂತೆ. ಪಿಯಾನೊ ಯಾರ ಪಾಲಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗುಜರಿಗೆ ಬೇಡ ಎಂಬುದಕ್ಕೆ ಮಾತ್ರ ಅಣ್ಣತಮ್ಮಂದಿರೆಲ್ಲ ಒಪ್ಪಿದ್ದಾರೆ.

ಮುಂದಿನ ಸಲ ಖಾಲಿ ಕುರ್ಚಿಯ ಪಿಯಾನೊದ ವಿಡಿಯೊ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಎಳನೀರಿನ ಸ್ಟ್ರಾ ನೆನಪಿಸಿಕೊಳ್ಳಿ. "ಕೋಟಿ ಕೊಡುತ್ತೇವೆ" ಎಂಬ ಸಂದೇಶ ಬಂದರೆ, ಅದನ್ನು ಕಳುಹಿಸಿದವರಿಗೆ ಈ ಲೇಖನ ಕಳುಹಿಸಿ.